ನಲವತ್ತೊಂದನೆಯ ಕಲ್ಲು

ಪುಸ್ತಕದ ಪ್ರೂಫಿನ ಇಪ್ಪತ್ತಾರನೆಯ ಪುಟದ ಅಂಚಿನಲ್ಲಿ ಮುದ್ರಕ ಕೆಂಪು ಶಾಯಿಯಿಂದ ಒಂದು ಪ್ರಶ್ನೆ ಬರೆದಿದ್ದ: ‘ನಲವತ್ತಾದ ಮೇಲೆ ನಲವತ್ತೆರಡು ಬಂದಿದೆ. ನಲವತ್ತೊಂದು ಎಲ್ಲಿ?’

ನಾನು ಅದನ್ನು ಗಟ್ಟಿಯಾಗಿ ಓದಿದೆ. ಎವರಿಸ್ತೊ ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಹೊರಗೆ ಮುಖ ಮಾಡಿಕೊಂಡಿದ್ದರು. ಅವರ ಎರಡು ಕಣ್ಣಿಗೂ ಈಗ ನಡುಭಾಗ ಮಸುಕು, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಪ್ರೂಫ್ ಓದುವ ಕೆಲಸ ನನ್ನ ಪಾಲಿಗೆ ಬಂದದ್ದು ಹಾಗೆ.

“ಮರೆತು ಬಿಟ್ಟಿದ್ದಲ್ಲ ಅಂತ ಬರೀರಿ ಟೀಚರೇ.”

“ಅಷ್ಟೇ ಬರೆದರೆ ಅವನು ಮತ್ತೆ ಫೋನ್ ಮಾಡ್ತಾನೆ. ನಲವತ್ತೆರಡನ್ನೇ ನಲವತ್ತೊಂದು ಮಾಡಿ, ಮುಂದಿನದನ್ನೆಲ್ಲ ಒಂದೊಂದು ಇಳಿಸಿದರಾಯ್ತಲ್ಲ.”

“ಅದಾಗಲ್ಲ. ಇರೋದನ್ನ ಇಲ್ಲ ಅಂದ ಹಾಗಾಗತ್ತೆ.”

ನಲವತ್ತೊಂದು ಎಲ್ಲಿದೆ ಎಂದು ನನಗೂ ಗೊತ್ತು. ನಾವು ಕೂತಿದ್ದ ಜಾಗದಿಂದ ಆರೇಳು ಹೆಜ್ಜೆ, ಹಳೆಯ ಸೌದೆ ಕೋಣೆಯ ಗೋಡೆಯಲ್ಲಿ, ನಾಲ್ಕು ಪದರ ಸುಣ್ಣದ ಕೆಳಗೆ.

ಎವರಿಸ್ತೊ ವಿದ್ವಾಂಸರಲ್ಲ. ನಮ್ಮ ರೊಕ್ಕಾಲ್ವೆನದಲ್ಲಿ ಮೂವತ್ತಾರು ವರ್ಷ ಅಂಚೆ ಹಂಚಿದವರು. ಹದಿನಾಲ್ಕಕ್ಕೇ ಶಾಲೆ ಬಿಟ್ಟು, ಆಮೇಲೆ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ವ್ಯಾಕರಣ ಇಟ್ಟುಕೊಂಡು ಒಬ್ಬರೇ ಲ್ಯಾಟಿನ್ ಕಲಿತರು. ಅಂಚೆ ಚೀಲದಲ್ಲಿ ಕಾಗದಗಳ ಕೆಳಗೆ ಸದಾ ಒಂದು ಪುಸ್ತಕ. ರೋಮಿನ ಹತ್ತಿರದ ಈ ಸಬೀನ ಬೆಟ್ಟಗಳ ಊರುಗಳೆಲ್ಲ ರೋಮನ್ನರ ಕಲ್ಲನ್ನು ಕಿತ್ತು ತಂದು ಕಟ್ಟಿದವೇ. ಯಾರ ಮನೆಯ ಹೊಸ್ತಿಲಲ್ಲಿ ಯಾವ ಗೋರಿಯ ಚೂರಿದೆ, ಯಾರ ಕೋಳಿಗೂಡಿಗೆ ಯಾವ ದೇವರ ಪೀಠ ಆಧಾರವಾಗಿದೆ ಎನ್ನುವುದು, ಎಲ್ಲರ ಅಂಗಳಕ್ಕೂ ಕಾಲಿಡುವ ಅಂಚೆಯವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಅವರು ಬರೆದಿಟ್ಟುಕೊಂಡರು. ಒಟ್ಟು ನೂರ ಹನ್ನೆರಡು ಕಲ್ಲು. ಪುರಸಭೆ ಈಗ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಿತ್ತು.

ತಿಂಗಳ ಮೊದಲ ಭಾನುವಾರ ರೋಮಿನಲ್ಲಿ ಸರ್ಕಾರಿ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಅವತ್ತು ಅವರು ಮೊಟ್ಟೆದೋಸೆ ಇಟ್ಟ ಬ್ರೆಡ್ಡು ಕಟ್ಟಿಕೊಂಡು ಬೆಳಗಿನ ಬಸ್ಸು ಹಿಡಿಯುತ್ತಾರೆ. ಕಾವಲಿನವರಿಗೆಲ್ಲ ಗುರುತು. ಕಣ್ಣು ಕೆಟ್ಟ ಮೇಲೆ ಅಲ್ಲಿಯ ಒಬ್ಬ ಹೆಂಗಸು ತನ್ನ ಕುರ್ಚಿಯನ್ನೇ ಅವರಿಗೆ ಬಿಟ್ಟುಕೊಟ್ಟು, ಫೋನಿನ ದೀಪವನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯುತ್ತಾಳಂತೆ. ಓರೆ ಬೆಳಕಿಗೆ ಅಕ್ಷರದ ಗುಳಿಗಳಲ್ಲಿ ನೆರಳು ಬೀಳುತ್ತದೆ, ಆಗ ಅವರಿಗೆ ಕಾಣುತ್ತದೆ. ಆ ಹೆಂಗಸಿನ ಹೆಸರು ಅವರು ಕೇಳಿಲ್ಲ, ಅವಳೂ ಹೇಳಿಲ್ಲ.

ನಮ್ಮ ಮನೆಯ ಕಲ್ಲನ್ನು ಅವರು ನೋಡಿದ್ದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ. ಒಂದು ಪಾರ್ಸೆಲ್ ತಂದಿದ್ದರು. ತೇವಕ್ಕೆ ಸುಣ್ಣ ಉದುರಿ ಎರಡು ಸಾಲು ಅಕ್ಷರ ಹೊರಗೆ ಬಿದ್ದಿತ್ತು. ಅಲ್ಲೇ ಮೊಣಕಾಲೂರಿ ಓದತೊಡಗಿದರು. ಅಪ್ಪ ಬಂದು ಅವರ ಭುಜದ ಮೇಲೆ ಕೈಯಿಟ್ಟರು. ಪಕ್ಕದ ಮನೆಯವರ ಕೊಟ್ಟಿಗೆಯಲ್ಲಿ ಇಂಥದೇ ಕಲ್ಲು ಸಿಕ್ಕಿ, ಪುರಾತತ್ವ ಕಚೇರಿಯವರು ಬಂದು, ಹನ್ನೊಂದು ವರ್ಷ ಒಂದು ಹೆಂಚು ಹೊದಿಸಲೂ ಬಿಟ್ಟಿರಲಿಲ್ಲ. ಅಂದಿನಿಂದ ನಮ್ಮೂರಲ್ಲಿ ಅಕ್ಷರ ಇರುವ ಕಲ್ಲು ಕಂಡರೆ ಜನ ಮೊದಲು ಸುಣ್ಣ ಹುಡುಕುತ್ತಾರೆ.

“ನೋಡಿದ್ದು ನಿನ್ನ ಹತ್ತಿರಾನೇ ಇರಲಿ ಮಗ,” ಅಂದರು ಅಪ್ಪ. ಎವರಿಸ್ತೊ ಆಗಲಿ ಅಂದರು. ಮಾರನೆಯ ದಿನವೇ ಅಪ್ಪ ಸುಣ್ಣ ಬಳಿದರು.

ಅದು ಒಂಟಿ ಕಲ್ಲಾಗಿದ್ದರೆ ಅವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಅದರ ಮೇಲಿನ ತುಂಡು ಚರ್ಚಿನ ಗೋಡೆಯಲ್ಲಿದೆ. ಅದೇ ನಲವತ್ತನೆಯದು. ‘ಎಣ್ಣೆ ವ್ಯಾಪಾರಿ ಗಾಯಸ್ ವೆತ್ತಿಯಸ್ ಬದುಕಿರುವಾಗಲೇ ತನಗೂ ತನ್ನ’ ಎನ್ನುವಲ್ಲಿ ಅದು ಮುರಿದಿದೆ. ತನ್ನ ಯಾರಿಗೆ? ಹಿಂದಿನ ಕಾಲದ ಒಬ್ಬ ಪಾದ್ರಿ ‘ತಮ್ಮನಿಗೂ’ ಎಂದು ಊಹಿಸಿ ಒಳ್ಳೆಯ ಉಪದೇಶ ಮಾಡಿದರಂತೆ. ಆಮೇಲೆ ಊರಲ್ಲಿ ಒಂದು ರೂಢಿಯೇ ಬೆಳೆಯಿತು. ಆಸ್ತಿಗೆ ಜಗಳವಾಡಿದ ಅಣ್ಣತಮ್ಮಂದಿರನ್ನು ಆ ಕಲ್ಲಿನ ಕೆಳಗೆ ತಂದು ನಿಲ್ಲಿಸಿ ಕೈ ಕುಲುಕಿಸುತ್ತಾರೆ. ಉಳಿದ ಅರ್ಧ ಓದಿದ್ದವರು ಊರಿಗೆಲ್ಲ ಒಬ್ಬರೇ.

ಈಗ ನಮ್ಮ ಸೌದೆ ಕೋಣೆಯ ಗೋಡೆಯನ್ನು ಒಡೆಯಬೇಕಾಗಿತ್ತು. ಅಕ್ಕ ಎರ್ಸಿಲಿಯ ಎರಡು ವರ್ಷದ ಹಿಂದೆ ಮೆಟ್ಟಿಲಲ್ಲಿ ಬಿದ್ದಳು. ಅಂದಿನಿಂದ ಗಾಲಿಕುರ್ಚಿ. ನಮ್ಮ ಬಚ್ಚಲು ಮಹಡಿಯ ಮೇಲೆ. ಅವಳ ಸ್ನಾನ ವಾರಕ್ಕೊಮ್ಮೆ ಅಡುಗೆಮನೆಯಲ್ಲಿ, ಸತುವಿನ ತೊಟ್ಟಿಯಲ್ಲಿ. ಸೌದೆ ಕೋಣೆಯನ್ನು ಬಚ್ಚಲು ಮಾಡಿಸುವುದೆಂದು ತೀರ್ಮಾನವಾಗಿ, ಸೋಮವಾರ ಕೆಲಸ ಶುರುವಾಗಬೇಕಿತ್ತು. ಪ್ರೂಫ್ ಶನಿವಾರ ಮುದ್ರಕನ ಕೈ ಸೇರಬೇಕು.

ಮೇಸ್ತ್ರಿ ಸೆತ್ತಿಮಿಯೊ ನನ್ನ ಕೈಯಲ್ಲೇ ಓದಿದವನು. ಹಿಂದಿನ ವಾರ ಅಳತೆಗೆ ಬಂದಾಗ ಎವರಿಸ್ತೊ ಟೇಪಿನ ತುದಿ ಹಿಡಿದುಕೊಂಡಿದ್ದರು. ಸೆತ್ತಿಮಿಯೊ ಬೆರಳಿನ ಗೆಣ್ಣಿಂದ ಗೋಡೆಯನ್ನು ತಟ್ಟುತ್ತ ಬಂದು ಒಂದು ಕಡೆ ನಿಂತ.

“ಇಲ್ಲೊಂದು ದೊಡ್ಡ ಕಲ್ಲಿದೆ. ಗಾಲಿಕುರ್ಚಿ ಹೋಗೋ ಬಾಗಿಲು ಇಡಬೇಕಂದರೆ ಸರಿಯಾಗಿ ಇದರ ಮೇಲೇ ಬರತ್ತೆ. ಸುಣ್ಣದ ಹಿಂದೆ ಏನಿದೆ ಅಂತ ನಾನು ಕೇಳಲ್ಲ ಟೀಚರ್. ನೀವೂ ಹೇಳಬೇಡಿ.”

“ಇಡಿಯಾಗಿ ತೆಗೆಯೋಕಾಗಲ್ವಾ?” ಎಂದು ಕೇಳಿದೆ.

“ಮೇಲಿನ ಗೋಡೆ ಇದರ ಮೇಲೇ ಕೂತಿದೆ. ಇಡಿಯಾಗಿ ತೆಗೆಯೋಕೆ ಆಸರೆ ಕಂಬ ಕೊಟ್ಟು ನಾಲ್ಕು ದಿನ ಬಾಗಿಲು ತೆರೆದಿಟ್ಟುಕೊಂಡು ಕೆಲಸ ಮಾಡಬೇಕು. ಬೀದಿಯೋರೆಲ್ಲ ನೋಡ್ತಾರೆ. ಅಲ್ಲಲ್ಲೇ ಚೂರು ಮಾಡ್ಕೊಂಡು ಬಂದರೆ ಮಧ್ಯಾಹ್ನದ ಊಟದೊಳಗೆ ಮುಗಿಯತ್ತೆ. ನಾನೂ ನೋಡಿಲ್ಲ, ನೀವೂ ನೋಡಿಲ್ಲ.”

ಟೇಪಿನ ಆ ತುದಿ ಅಲುಗಲಿಲ್ಲ. “ತೊಂಬತ್ತೆರಡು ಸೆಂಟಿಮೀಟರ್,” ಅಂದರು ಎವರಿಸ್ತೊ. ಅಷ್ಟೇ. ಹೋಗುವಾಗ ಟೋಪಿಯನ್ನು ಮೇಜಿನ ಮೇಲೆ ಬಿಟ್ಟು, ಅರ್ಧ ಬೀದಿ ಹೋಗಿ ವಾಪಸು ಬಂದರು. ಟೋಪಿ ತೆಗೆದುಕೊಂಡು ಕನ್ನಡಕ ಬಿಟ್ಟುಹೋದರು.

ಬುಧವಾರ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಪ್ರೂಫಿನ ನೆಪ ಮಾಡಿ ನಮ್ಮೂರ ಮ್ಯೂಸಿಯಮ್ಮಿಗೆ ಹೋದೆ. ಪುರಸಭೆಯ ಕೆಳಗಿನ ಒಂದೇ ಕೋಣೆ ಅದು. ಬುಧವಾರ ಮತ್ತು ಶನಿವಾರ ಎವರಿಸ್ತೊ ಅದರ ಬಾಗಿಲು ತೆಗೆದು ಧೂಳು ಹೊಡೆದು ಕೂರುತ್ತಾರೆ. ಅವತ್ತು ತೆರ್ನಿಯಿಂದ ಬಂದ ಗಂಡಹೆಂಡತಿ ಇದ್ದರು. ಚರ್ಚಿನ ಕಲ್ಲಿನ ಪ್ಲಾಸ್ಟರ್ ಅಚ್ಚಿನ ಮುಂದೆ ನಿಂತು ಆ ಹೆಂಗಸು ಕೇಳಿದಳು, “ತನಗೂ ತನ್ನ ಯಾರಿಗೆ? ತಮ್ಮನಿಗೆ ಅಂತ ಚರ್ಚಿನಲ್ಲಿ ಬೋರ್ಡ್ ಹಾಕಿದಾರಲ್ಲ.”

“ತಮ್ಮನಿಗಲ್ಲಮ್ಮ.”

“ಮತ್ತೆ?”

“ಅದನ್ನ ನಾನು ಹೇಳೋ ಹಾಗಿಲ್ಲ.”

ಗಂಡ ನಕ್ಕ. “ಗೊತ್ತಿಲ್ಲ ಅಂದರೆ ಮುಗೀತಪ್ಪ.”

“ಗೊತ್ತಿಲ್ಲ ಅಂತ ಹೇಳೋ ಹಾಗೂ ಇಲ್ಲ,” ಅಂದರು ಎವರಿಸ್ತೊ. ಅವರಿಬ್ಬರೂ ಮುಖ ಮುಖ ನೋಡಿಕೊಂಡು ಹೊರಟರು. ಬಾಗಿಲಲ್ಲಿ ಆ ಹೆಂಗಸು ತಿರುಗಿ, “ಕೋಣೆ ತುಂಬ ಚೊಕ್ಕಟವಾಗಿದೆ,” ಎಂದಳು. ಆ ಮಾತಿಗಾಗಿ ಅವಳ ಹಿಂದೆ ಓಡಿಹೋಗಿ ಕೈ ಹಿಡಿಯಬೇಕೆನಿಸಿತು. ಎವರಿಸ್ತೊ ಮಾತ್ರ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದರು. ಐವತ್ತು ವರ್ಷ ಹೀಗೇ ನಡೆದಿದೆ ಎಂದು ನನಗೆ ಹೊಳೆದದ್ದು ಆಗ.

ಗುರುವಾರ ಅಕ್ಕನ ಸ್ನಾನದ ದಿನ. ಮೂರು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಕಿಟಕಿಗೆ ಬಟ್ಟೆ ಕಟ್ಟಿ, ಅವಳನ್ನು ಕುರ್ಚಿಯಿಂದ ತೊಟ್ಟಿಗೆ ಇಳಿಸುವಷ್ಟರಲ್ಲಿ ನನ್ನ ಎಪ್ಪತ್ತೊಂಬತ್ತು ವರ್ಷವೂ ಸೊಂಟಕ್ಕೆ ಬಂದು ಕೂತಿರುತ್ತದೆ. ಅವಳ ಬೆನ್ನಿಗೆ ಸೋಪು ಹಚ್ಚುತ್ತ ನಾನು ಬಾಯಿ ಬಿಟ್ಟೆ.

“ಅಕ್ಕ, ಆ ಕಲ್ಲು.”

“ಗೊತ್ತಿತ್ತು. ಮಂಗಳವಾರ ಆ ಪ್ರೂಫ್ ಬಂದಾಗಿಂದ ನೀನು ಒಂದು ಕಡೆ ಕೂತಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೀಯ.”

“ಅದು ಒಡೆದರೆ ಆ ಮನುಷ್ಯನ ಜೀವನದ ಕೆಲಸ ಒಡೆದ ಹಾಗೆ.”

“ಒಡೆಯದೇ ಇದ್ದರೆ?”

“ಕಚೇರಿಗೆ ತಿಳಿಸಬೇಕು. ಅವರು ಬಂದು ನೋಡೋವರೆಗೂ ಗೋಡೆ ಮುಟ್ಟೋ ಹಾಗಿಲ್ಲ.”

“ಅಂದರೆ ಇನ್ನೂ ಎಷ್ಟು ಚಳಿಗಾಲ ನಾನು ಆಲೂಗಡ್ಡೆ ಥರ ಈ ಬಾನಿಯಲ್ಲಿ ಕೂತು ತೊಳೆಸ್ಕೋಬೇಕು? ಸತ್ತು ಎರಡು ಸಾವಿರ ವರ್ಷ ಆದೋರಿಗೆ ಒಂದು ಪುಸ್ತಕ, ಉಸಿರಾಡ್ತಿರೋಳಿಗೆ ಒಂದು ಬಚ್ಚಲು. ಯಾವುದು ಮೊದಲು ಅಂತ ನೀನೇ ಹೇಳು, ಓದಿದೋಳು.”

ಅವಳ ತಲೆಗೆ ನೀರು ಹೊಯ್ದೆ. ಕಣ್ಣಿನ ಸೋಪು ಒರೆಸಿಕೊಂಡು ಅವಳು, “ಅವನೇ ಕಳಿಸಿದನಾ ನಿನ್ನ?” ಎಂದು ಕೇಳಿದಳು.

“ಇಲ್ಲ. ಅವರು ಒಂದು ಮಾತೂ ಆಡಿಲ್ಲ. ಟೇಪು ಹಿಡ್ಕೊಂಡು ನಿಂತಿದ್ದರು.”

“ದರಿದ್ರದೋನು,” ಅಂದಳು ಅಕ್ಕ. ಆದರೆ ಅವತ್ತು ಸಂಜೆಯವರೆಗೂ ಗಾಲಿಕುರ್ಚಿಯನ್ನು ಮೇಜಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ತಳ್ಳಿಕೊಂಡು ಓಡಾಡಿದಳು. ಸೌದೆ ಕೋಣೆಯ ಎತ್ತರದ ಹೊಸ್ತಿಲಿಗೆ ಚಕ್ರ ಡಿಕ್ಕಿ ಹೊಡೆಯುವ ಸದ್ದು ಎರಡು ಮೂರು ಸಲ ಕೇಳಿತು.

ಶುಕ್ರವಾರ ಬೆಳಿಗ್ಗೆ ಎವರಿಸ್ತೊ ಬಂದರು. ಕೈಯಲ್ಲಿ ಒಂದು ಬಕೆಟ್ಟು, ದಪ್ಪ ಕಾಗದದ ಸುರುಳಿ, ಬಟ್ಟೆ ಬ್ರಷ್ಷಿನಂಥ ಒಂದು ಬ್ರಷ್ಷು.

“ಒಂದು ಕೇಳ್ತೀನಿ. ಆಗಲ್ಲ ಅಂದರೆ ಆಗಲ್ಲ ಅನ್ನಿ. ಸೋಮವಾರಕ್ಕೆ ಮುಂಚೆ ಒಂದು ಅಚ್ಚು ತೆಗೀತೀನಿ. ಒದ್ದೆ ಕಾಗದ ಕಲ್ಲಿಗೆ ಅಂಟಿಸಿ ಬ್ರಷ್ಷಿಂದ ತಟ್ಟಿದರೆ ಅಕ್ಷರ ಕಾಗದಕ್ಕೆ ಇಳಿಯತ್ತೆ. ಪುಸ್ತಕಕ್ಕಲ್ಲ, ಯಾರಿಗೂ ತೋರಿಸಲ್ಲ. ನಾನು ಸತ್ತಾಗ ಪೆಟ್ಟಿಗೆಯೊಳಗೆ ಅದನ್ನ ನನ್ನ ಜೊತೆ ಇಟ್ಟುಬಿಡಿ.”

“ಪೆಟ್ಟಿಗೆಯೊಳಗೆ ಕತ್ತಲು. ಅಲ್ಲಿ ಹ್ಯಾಗೆ ಓದ್ತೀಯ ಅಂಚೆಯಣ್ಣ?” ಅಂದಳು ಅಕ್ಕ.

“ಈಗಲೂ ಕೈಯಲ್ಲೇ ಓದೋದು ಎರ್ಸಿಲಿಯಮ್ಮ.”

ಅಕ್ಕ ಒಂದು ಕ್ಷಣ ಅವರನ್ನೇ ನೋಡಿ, “ಹೂಂ, ತೆಗಿ. ನಾನೂ ಬರ್ತೀನಿ,” ಅಂದಳು. ಎವರಿಸ್ತೊ ಮತ್ತು ನಾನು ಸೇರಿ ಕುರ್ಚಿಯನ್ನು ಓರೆಯಾಗಿ ಎತ್ತಿ, ಇಕ್ಕಟ್ಟಾದ ಹಳೆಯ ಬಾಗಿಲಿಗೆ ಉಜ್ಜಿಕೊಂಡೇ ಹೊಸ್ತಿಲು ದಾಟಿಸಿದೆವು.

ಅವರು ಮರದ ಚೂರಿಯಿಂದ ಸುಣ್ಣವನ್ನು ಹೆರೆದರು. ಕಬ್ಬಿಣ ಮುಟ್ಟಿಸಲಿಲ್ಲ. ಪದರ ಪದರವಾಗಿ ಬಿತ್ತು, ಕೊನೆಯದು ಅಪ್ಪ ಬಳಿದದ್ದಕ್ಕಿಂತಲೂ ಹಳೆಯದು, ತುಸು ನೀಲಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರು. ಒರೆಸುತ್ತ ಅವರ ಉಸಿರು ಜೋರಾಯಿತು. ನಾನು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ.

“ಐವತ್ತು ವರ್ಷ ಇದರ ಪಕ್ಕ ಸೌದೆ ಒಟ್ಟಿದೀನಿ. ಏನಿದೆ ಅಂತ ಒಂದು ದಿನಾನೂ ಕೇಳಲಿಲ್ಲ. ಓದು,” ಅಂದಳು ಅಕ್ಕ.

ಅವರು ಬೆರಳನ್ನು ಅಕ್ಷರದೊಳಗೆ ಇಳಿಸಿ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸಿದರು. “ಹೆಂಡತಿ ಕ್ರೆಸ್ತೆಗೂ. ದಾಸಿಯಾಗಿದ್ದವಳು, ಇವನೇ ಬಿಡುಗಡೆ ಮಾಡಿದವಳು. ಮೂವತ್ತೊಂದು ವರ್ಷ ಇವನ ಜೊತೆ ಬಾಳಿದವಳು.”

“ಆಮೇಲೆ?”

“ಆಮೇಲೆ ಜಾಗದ ಅಳತೆ. ಗೋರಿಯ ಜಾಗ ಯಾರೂ ಒತ್ತುವರಿ ಮಾಡಬಾರದು ಅಂತ ಅಳತೆ ಕೆತ್ತಿಸ್ತಿದ್ದರು. ಬೀದಿ ಕಡೆ ಹನ್ನೆರಡು ಅಡಿ, ಒಳಕ್ಕೆ ಹನ್ನೆರಡು ಅಡಿ.”

“ಹನ್ನೆರಡಾ?” ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ಸತ್ತೋಳಿಗೆ ಹನ್ನೆರಡು. ಸೆತ್ತಿಮಿಯೊ ನನ್ನ ಬಚ್ಚಲಿಗೆ ಕೊಟ್ಟಿರೋದು ಏಳಡಿ.” ಅವಳು ನಗಲಾರಂಭಿಸಿದಳು. ನನಗೂ ನಗು ಬಂತು. ಎವರಿಸ್ತೊ ಮಾತ್ರ ನಗಲಿಲ್ಲ, ಬಕೆಟ್ಟಿನ ನೀರಲ್ಲಿ ಕಾಗದ ಅದ್ದುತ್ತಿದ್ದರು.

ನಗು ನಿಂತ ಮೇಲೆ ಅಕ್ಕ ಕೇಳಿದಳು, “ಕಚೇರಿಗೆ ಹೇಳಿದರೆ ಎಷ್ಟು ದಿನ ಆಗತ್ತೆ? ಸುಳ್ಳು ಹೇಳಬೇಡ.”

“ಒಂದು ವರ್ಷ. ಎರಡಾದರೂ ಆಶ್ಚರ್ಯವಿಲ್ಲ. ಹೇಳೋದು ಬೇಡ ಎರ್ಸಿಲಿಯಮ್ಮ. ಸೋಮವಾರ ಆ ಕೆಲಸ ಆಗಲಿ. ಕಲ್ಲುಮಣ್ಣು ಹೊರೋಕೆ ನಾನೂ ಬರ್ತೀನಿ.”

“ನೀನೇ ಹೊರ್ತೀಯಾ ಇದನ್ನ?”

“ಬೇರೆಯವರು ಹೊತ್ತರೆ ಹೊಳೆಗೆ ಸುರೀತಾರೆ.”

ಬ್ರಷ್ಷು ಒದ್ದೆ ಕಾಗದದ ಮೇಲೆ ಪಟಪಟ ಬೀಳುತ್ತಿತ್ತು.

“ಅಪ್ಪ ಸತ್ತು ಮೂವತ್ತು ವರ್ಷದ ಮೇಲಾಯ್ತು,” ಅಂದಳು. “ಆವತ್ತೇ ಆ ಮಾತು ಮುಗೀತು ಅಂತ ಯಾಕೆ ಅಂದ್ಕೊಳ್ಳಲಿಲ್ಲ ನೀನು?”

“ಮಾತು ಕೊಟ್ಟಿದ್ದು ಅವರಿಗೆ. ವಾಪಸ್ ತಗೊಳ್ಳೋಕೆ ಅವರಿಲ್ಲವಲ್ಲ.”

“ಹಿರೀ ಮಗಳಿದೀನಲ್ಲ. ಮನೆ, ಸೌದೆ ಕೋಣೆ, ನೆಗ್ಗಿದ ತೊಟ್ಟಿ, ಎಲ್ಲಾನೂ ನನಗೇ ತಾನೇ ಬಿಟ್ಟುಹೋಗಿದ್ದು? ಈ ಮಾತೂ ಅದರಲ್ಲೇ ಸೇರಿದೆ. ನನಗೆ ವಾಪಸ್ ಕೊಡು.”

ಬ್ರಷ್ಷು ನಿಂತಿತು.

“ಎರ್ಸಿಲಿಯಮ್ಮ, ನಿಮ್ಮ ಸ್ನಾನ...”

“ನನ್ನ ಸ್ನಾನದ ಚಿಂತೆ ನಿನಗ್ಯಾಕಯ್ಯ? ಕೊಡು ಅಂದರೆ ಕೊಡು.”

ಎವರಿಸ್ತೊ ಎದ್ದು ನಿಂತರು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡರು. ಹಿಂದೆ ರಿಜಿಸ್ಟರ್ ಕಾಗದ ಕೊಡುವಾಗ ಮಾಡುತ್ತಿದ್ದಂತೆ ಟೋಪಿ ತೆಗೆದು, “ಕೊಟ್ಟೆ,” ಅಂದರು.

“ಬಂತು. ದೇಲಿಯ, ಪೆನ್ನು ತಾ. ನಾಳೆ ಕಳಿಸಬೇಕಲ್ಲ ಆ ಪ್ರೂಫು?”

ನಾನು ಸೌದೆ ದಿಮ್ಮಿಯ ಮೇಲೆ ಕೂತು ನಲವತ್ತೊಂದನೆಯದರ ವಿವರ ಬರೆದುಕೊಂಡೆ. ಎವರಿಸ್ತೊ ಹೇಳುತ್ತ ಹೋದರು. ಆದರೆ ಅವರಿಂದ ಸರಾಗವಾಗಿ ಆಗಲಿಲ್ಲ. ಐವತ್ತು ವರ್ಷದಿಂದ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದ ವಾಕ್ಯಗಳು ಈಗ ಒಂದಕ್ಕೊಂದು ಅಡ್ಡ ಬಂದವು. ಅಳತೆಯನ್ನು ಮೂರು ಸಲ ತೆಗೆದರು, ಮೂರು ಸಲವೂ ಒಂದೇ ಬಂದರೂ ನಾಲ್ಕನೆಯ ಸಲಕ್ಕೆ ಟೇಪು ಬಿಚ್ಚಿದರು. ‘ಇರುವ ಸ್ಥಳ’ ಎಂಬಲ್ಲಿ ನಾನು ‘ದೇಲಿಯ ಮತ್ತು ಎರ್ಸಿಲಿಯ ಅವರ ಮನೆ’ ಎಂದು ಬರೆದು ಓದಿದಾಗ ಅಕ್ಕ, “ಹಿರಿಯಳು ನಾನು, ನನ್ನ ಹೆಸರು ಮೊದಲು ಹಾಕು,” ಎಂದಳು. ಹೊಡೆದುಹಾಕಿ ತಿದ್ದಿದೆ.

ಆಮೇಲೆ ಸೆತ್ತಿಮಿಯೊಗೆ ಫೋನ್ ಮಾಡಿದ್ದು ನಾನು. ವಿಷಯ ಹೇಳಿದೆ. ಹಿಂದೆ ಸಿಮೆಂಟು ಕಲೆಸುವ ಸದ್ದು ಕೇಳುತ್ತಿತ್ತು.

“ಹೆಂಡತಿಗಾ? ತಮ್ಮನಿಗಲ್ವಾ?”

“ಹೆಂಡತಿಗಪ್ಪ.”

“ಹಾಗಾದರೆ ನಾನು ಅವತ್ತು ಆ ಕಲ್ಲಿನ ಕೆಳಗೆ ನಮ್ಮಣ್ಣನ ಕೈ ಕುಲುಕಿದ್ದು ದಂಡ. ಬಾವಿ ಬೇರೆ ಬಿಟ್ಟುಕೊಟ್ಟೆ.” ಆಮೇಲೆ ದನಿ ತಗ್ಗಿಸಿ, “ಎರ್ಸಿಲಿಯಮ್ಮ ಬೇಜಾರು ಮಾಡ್ಕೊಂಡರಾ?” ಎಂದ.

“ಅವಳೇ ಬರೆಸಿದ್ದು.”

“ಸರಿ. ಸೋಮವಾರ ಹ್ಯಾಗೂ ನಿಮಗೆ ಅಂತ ಇಟ್ಟಿದ್ದ ದಿನ. ಬರ್ತೀನಿ. ಆ ತೊಟ್ಟಿಗೊಂದು ಕೊಳಾಯಿ ಎಳೆದು, ಅಡುಗೆಮನೆ ನೆಲಕ್ಕೆ ನೀರು ಹೋಗೋ ದಾರಿ ಮಾಡಿಕೊಡ್ತೀನಿ. ನೀವು ಪಾತ್ರೆ ಎತ್ತಿ ಹೊಯ್ಯೋದಾದರೂ ತಪ್ಪತ್ತೆ. ಅದಕ್ಕೆ ಯಾವ ಕಚೇರೀನೂ ಕೇಳಬೇಕಿಲ್ಲ.”

ಪುರಾತತ್ವ ಕಚೇರಿಗೆ ಕಲ್ಲಿನ ವಿಷಯ ತಿಳಿಸುವ ಕಾಗದವನ್ನೂ ನಾವು ಶನಿವಾರವೇ ಹಾಕಿದೆವು. ಜೂನ್ ತಿಂಗಳಲ್ಲಿ ಪುರಾತತ್ವ ಕಚೇರಿಯಿಂದ ಒಬ್ಬ ಹುಡುಗಿ ಬಂದಳು. ಫೋಟೊ ತೆಗೆದಳು, ಅಳೆದಳು, ಎವರಿಸ್ತೊ ಅವರ ಕಾಗದದ ಅಚ್ಚನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಹೋಗುವಾಗ ಅಕ್ಕನ ಮುಂದೆ ಬಗ್ಗಿ, ಆದಷ್ಟು ಬೇಗ ಮಾಡಿಸುತ್ತೇನೆ, ಆದರೆ ತಾನು ಅಲ್ಲಿ ತೀರಾ ಹೊಸಬಳು ಎಂದಳು. ಪುಸ್ತಕ ಬಂತು. ಚರ್ಚಿನ ಬೋರ್ಡು ಬದಲಾಯಿತು. ಕಳೆದ ತಿಂಗಳು ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರನ್ನು ಎಂದಿನಂತೆ ಆ ಕಲ್ಲಿನ ಕೆಳಗೇ ತಂದು ನಿಲ್ಲಿಸಿದರಂತೆ. ಕಲ್ಲಿನ ಮೇಲೆ ಏನು ಬರೆದಿದೆ ಎಂದು ಅವರಿಬ್ಬರೂ ಕೇಳಲಿಲ್ಲ.

ಗೋಡೆ ಹಾಗೇ ಇದೆ. ನಿನ್ನೆ ಕಚೇರಿಯಿಂದ ಒಂದು ಕಾಗದ ಬಂತು: ವಿಷಯ ಪರಿಶೀಲನೆಯಲ್ಲಿದೆ. ಅಕ್ಕ ಎರಡು ಸಲ ಓದಿಸಿದಳು. ತಾರೀಖು ಏನಾದರೂ ಕೊಟ್ಟಿದ್ದಾರಾ ಎಂದು ಕೇಳಿದಳು. ಇರಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಳ್ಳಿಕೊಂಡು ಬಂದಳು.

“ನಾನು ಹೇಳ್ತೀನಿ, ನೀನು ಬರಿ. ನಿನ್ನ ಟೀಚರ್ ಭಾಷೆ ಸೇರಿಸಬೇಡ. ‘ಸ್ವಾಮಿ, ನಮ್ಮ ಮನೆಯಲ್ಲಿ ಇಬ್ಬರು ಕಾಯ್ತಾ ಇದೀವಿ. ಕ್ರೆಸ್ತೆಗೆ ಎರಡು ಸಾವಿರ ವರ್ಷದಿಂದ ಅಭ್ಯಾಸ ಆಗಿದೆ. ನನಗೆ ಎಂಬತ್ತನಾಲ್ಕು, ನನಗೆ ಅಭ್ಯಾಸ ಆಗಿಲ್ಲ.’ ಬರೆದೆಯಾ?”

“ಬರೀತಿದೀನಿ.”

“‘ಆಗೋದೂ ಇಲ್ಲ’ ಅಂತ ಸೇರಿಸು.”